ತಣ್ಣಗಾಗದ ಫ್ರಿಜ್

ಜಗಲಿಯಲ್ಲೇ ನಿಂತು ಮನೆಯೊಳಗಿನ ಬಡತನವನ್ನು ಅಳೆಯುವ ಅಧಿಕಾರಿಗಳೇ, ಕಮಲಕ್ಕನ ಅನ್ನ ಕಸಿದವರು ನೀವು. ಇದು ಕೇಳಿದ ಮಾತಲ್ಲ, ಕಳೆದ ಬೇಸಿಗೆಯಲ್ಲಿ ನಾನು ಕಂಡದ್ದು.

ಆಗ ಮೂಡುಬಿದಿರೆಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದೆ. ಎಣ್ಣೆಯಿಂದ ಬೆಳೆದ ಕೊಲ್ಲಿ ದೇಶಗಳ ಸಂಪತ್ತು ನಮ್ಮಂಥ ದೇಶದ ಬಡವರ ಮನೆಗೆ ಎಷ್ಟು ತಲುಪುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಅದಕ್ಕಾಗಿ ಕಲ್ಲಡ್ಕದ ಸಮೀಪ, ಬೀಡಿ ಕಟ್ಟಿ ಬದುಕುವ ಕಮಲಕ್ಕನ ಮನೆಗೆ ಹೋದೆ. ಚಾವಡಿಯಲ್ಲಿ ಆಳೆತ್ತರದ ವಿದೇಶಿ ಫ್ರಿಜ್! ಸಂಪತ್ತು ತಲುಪುತ್ತದೆಂಬ ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತೆಂದು ಹಿಗ್ಗಿದೆ.

"ಅಕ್ಕಾ, ಫ್ರಿಜ್ಜಿನ ನೀರು ಸ್ವಲ್ಪ ಕೊಡ್ತೀರಾ?"

ಅವರು ನಗಾಡಿದರು. "ನೀರು ಬೇಕಾದರೆ ಬಾವಿಯಿಂದ ಸೇದಿ ಕೊಡ್ತೇನೆ ಮಾರಾಯ್ತಿ. ಇದರಲ್ಲಿ ಎಲೆ ಮಾತ್ರ ಉಂಟು."

ಬಾಗಿಲು ತೆರೆದರು. ಒದ್ದೆ ಗೋಣಿಯಲ್ಲಿ ಸುತ್ತಿದ ಬೀಡಿ ಎಲೆಗಳು! ನೆನೆಸಿದ ಎಲೆ ಒಣಗಿದರೆ ಸುರುಟುವಾಗ ಒಡೆಯುತ್ತದೆ. ಒಳಗಿಟ್ಟು ಮುಚ್ಚಿದರೆ ಬೇಸಿಗೆಯಲ್ಲೂ ಮೆತ್ತಗಿರುತ್ತದೆ. ಮೋಟಾರನ್ನು ಗುಜರಿಯವನು ಎಂದೋ ಬಿಚ್ಚಿಕೊಂಡು ಹೋಗಿದ್ದ.

ಅಷ್ಟರಲ್ಲಿ ನೆರೆಮನೆಯ ಐಸಮ್ಮ ಬಂದರು. ಅವರ ಮಗ ದುಬೈಯಲ್ಲಿ. ಅವನು ಹೊಸ ಫ್ರಿಜ್ ಕೊಡಿಸಿದಾಗ, ಹಿಂದೆ ಅಲ್ಲಿಂದಲೇ ಬಂದು ಕೆಟ್ಟುಹೋಗಿದ್ದ ಹಳೆಯದನ್ನು ಇಲ್ಲಿಗೆ ಕೊಟ್ಟದ್ದು ಅವರೇ.

"ಎಲೆಗಾದರೂ ಆಗಲಿ ಅಂತ ಕೊಟ್ಟೆ. ತನಿಖೆಯ ಸಾಹೇಬರು ಜಗಲಿಯಿಂದ ಇಣುಕಿ, ಫ್ರಿಜ್ ಉಂಟೆಂದು ಇವಳ ರೇಷನ್ ಕಾರ್ಡನ್ನೇ ರದ್ದು ಮಾಡಿಸಿದರು. ಇವಳ ಅಕ್ಕಿಗೆ ನಾನೇ ಕಲ್ಲು ಹಾಕಿದ ಹಾಗಾಯ್ತು," ಎಂದು ಕಣ್ಣೊರೆಸಿಕೊಂಡರು.

"ಸುಮ್ಮನಿರಿ ಐಸಮ್ಮ, ನೀವು ಕೊಟ್ಟದ್ದು ಫ್ರಿಜ್; ಶ್ರೀಮಂತಿಕೆ ಕೊಟ್ಟದ್ದು ಅವರು!" ಎಂದರು ಕಮಲಕ್ಕ.

ಮಾರನೆಯ ವಾರ ಅದೇ ಅಧಿಕಾರಿ ಪಕ್ಕದ ಓಣಿಗೆ ಬಂದಿದ್ದರು. ನಾನೂ ಅಲ್ಲಿದ್ದೆ. ಐಸಮ್ಮ ಬಿಡಲಿಲ್ಲ, ಅವರನ್ನು ಕಮಲಕ್ಕನ ಮನೆಗೇ ಕರೆತಂದರು.

"ಬಿಸಿಲಲ್ಲಿ ಬಂದಿದ್ದೀರಿ ಸಾರ್, ಒಳಗೆ ಬನ್ನಿ. ಫ್ರಿಜ್ಜಿನಿಂದ ನೀವೇ ತಣ್ಣಗಿನದ್ದು ತೆಗೆದು ಕುಡಿಯಿರಿ."

ಅಧಿಕಾರಿ ಫ್ರಿಜ್ಜಿನ ಬಾಗಿಲೆಳೆದರು. ಎಲೆಯ ವಾಸನೆ ಮುಖಕ್ಕೇ ರಪ್ಪನೆ ಬಡಿಯಿತು. "ಇದೆಂಥದು ಮಾರಾಯ್ರೆ!" ಎಂದವರು, ಫ್ರಿಜ್ಜಿನ ಹಿಂಬದಿಗೆ ಬಗ್ಗಿ ಮೋಟಾರಿನ ಖಾಲಿ ಜಾಗವನ್ನೂ ನೋಡಿದರು. ಕಮಲಕ್ಕ ಬಾವಿಯ ನೀರನ್ನೂ ಬೆಲ್ಲವನ್ನೂ ಕೊಟ್ಟರು. ಅವರು ಕುಡಿದರು, ವರದಿಯನ್ನು ತಿದ್ದಿಸುವುದಾಗಿ ಮಾತು ಕೊಟ್ಟರು, ಉಳಿಸಿಕೊಂಡರು.

ಕಾರ್ಡು ಮರಳಿದಾಗ, ಆ ಅಕ್ಕಿಯ ನೀರುದೋಸೆಯನ್ನು ನಾವು ಮೂವರೂ ಒಟ್ಟಿಗೆ ಕೂತು ತಿಂದೆವು. ಆ ತೃಪ್ತಿ ಇಂದಿಗೂ ನನ್ನಲ್ಲಿದೆ.

ಆದರೆ ಒಂದು ದೇಶದ ಬೆಳವಣಿಗೆ ಎಸೆದ ಹಳೆಯ ಸಾಮಾನನ್ನು ತೋರಿಸಿ, ಇನ್ನೊಂದು ದೇಶದ ಬಡತನ ಮುಗಿಯಿತೆನ್ನುವುದು ನ್ಯಾಯವಲ್ಲ. ಎಲ್ಲ ಮನೆಗಳಿಗೂ ಒಬ್ಬ ಐಸಮ್ಮ ಇರುವುದಿಲ್ಲ. ಹೀಗೆ ಜಗಲಿಯಿಂದಲೇ ರದ್ದಾದ ಕಾರ್ಡುಗಳು ನಮ್ಮ ತಾಲೂಕುಗಳಲ್ಲಿ ಎಷ್ಟೆಂದು ಸಂಬಂಧಪಟ್ಟವರು ಲಿಖಿತವಾಗಿ ಉತ್ತರಿಸಬೇಕು. ಆ ಮನೆಗಳಿಗೆ ಮತ್ತೊಮ್ಮೆ ಹೋಗಬೇಕು. ಈ ಬಾರಿ ಒಳಗೆ ಬಂದು, ಬಾಗಿಲು ತೆರೆದು ನೋಡಬೇಕೆಂದು ವಿನಂತಿಸುತ್ತೇನೆ.