ಅವ್ವನ ಕಡೀ ಮಾತು

ಆ ನಿರ್ದೇಶಕನ ಮ್ಯಾಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯೋದೂ ಬ್ಯಾಡ. ಭೆಟ್ಟಿಯಾದವರೆಲ್ಲಾ ಹೋಗ್ಲಿ ಬಿಡ್ರಿ, ನಾಟಕ ಭಾಳ ಛಲೋ ಆತಲ್ಲ ಅಂತಾರ. ಛಲೋ ಆಗಿದ್ದಕ್ಕ ನನ್ನ ಹೊಟ್ಟಿ ಉರೀತದ.

ಪುಣೆದಾಗ ನಮ್ಮದೊಂದು ಸಣ್ಣ ಕನ್ನಡ ನಾಟಕದ ತಂಡ ಅದ. ಚಾಕಣದ ಕಾರ್ಖಾನಿ ಪಾಳಿ ಮುಗಿಸಿ ಬರೋವ್ರು, ಬ್ಯಾಂಕಿನವ್ರು, ನನ್ನಂಥಾ ಮನೀ ಹೆಂಗಸರು ಕೂಡಿ ಒಂದು ಮರಾಠಿ ಸಾಲಿಯ ಹಾಲ್‌ನಾಗ ತಾಲೀಮು ಮಾಡ್ತೀವಿ.

ನಾ ಪಾರ್ಟು ಮಾಡೋದು ಕಲ್ತದ್ದು ಚಿಗವ್ವನ ಕಡಿಂದ. ಅವ್ವನ ತಂಗಿ ಆಕಿ, ಹರೇದಾಗ ಕಂಪನಿ ನಾಟಕದಾಗ ಇದ್ದಾಕಿ. ಆಕಿ ಮಾಡಿ ತೋರಸಬೇಕು, ನಾ ಮಾಡಬೇಕು, ತಪ್ಪಿದ್ರ ಬೈಸಿಕೋಬೇಕು. ಜನರಿಗೆ ಬೆನ್ನು ಕೊಟ್ಟು ಅಳೋದನ್ನ ಕಲಿಸಿದ್ಲು. ಮೊದಲ ಉಸಿರು ಹಿಡಿ, ಆಮ್ಯಾಲ ಹೆಗಲು ಬಿಡು, ದನಿ ಕಡೀಕ ಬರಲಿ. ಕಣ್ಣೀರು ಯಾಕ ಬೇಕು, ಕೊನೀ ಸಾಲಿನವಗ ಅದು ಕಾಣಸ್ತದೇನು ಅಂತಿದ್ಲು. ಬಣ್ಣ ಹಚ್ಚಿಕೊಳ್ಳೋ ಮುಂದ ಯಾರೂ ಮನೀ ಸುದ್ದಿ ತಗೀಬಾರದು ಅನ್ನೋದು ಅವರ ಕಂಪನಿ ಕಟ್ಟಳೆ ಇತ್ತಂತ. ಒಮ್ಮೆ ನಾ ಸತ್ತ ಅಜ್ಜನ್ನ ನೆನಸಿಕೊಂಡು ಅತ್ತಾಗ ತಲೀಗೆ ಮೊಟಕಿದ್ಲು.

"ಮನೀದು ಮನ್ಯಾಗ ಇಡು. ದಿನಾ ಇಲ್ಲಿ ತಂದ್ರ ಸವದು ಹೋಗ್ತದ, ಆಮ್ಯಾಲ ಮನ್ಯಾಗೂ ಇರೂದಿಲ್ಲ."

ಈ ನಿರ್ದೇಶಕ ಮಹಾಶಯ ನಮ್ಮ ಕಡಿಂದ ಒಂದು ತಾಯಿ-ಮಗಳ ನಾಟಕ ಮಾಡಸಾಕ ಬೆಂಗಳೂರಿನಿಂದ ಬಂದಾಂವ. ಊರೂರಿಗೆ ಹೋಗಿ ವರ್ಕ್‌ಶಾಪ್ ಮಾಡಸ್ತಾನಂತ. ಬಂದ ದಿನಾನ ನನ್ನ ಅಳು ನೋಡಿ ನಕ್ಕ, ಅದು ಕಂಪನಿ ನಾಟಕದ ಸುಳ್ಳು ಅಳು ಅಂದ. ಕುರ್ಚಿ ಸರಿಸಿ ನಮ್ಮನ್ನೆಲ್ಲಾ ನೆಲದ ಮ್ಯಾಲೆ ಸುತ್ತಕ ಕೂಡಿಸಿ, ಒಬ್ಬೊಬ್ಬರೂ ನಿಮ್ಮ ಜೀವನದಾಗಿನ ದೊಡ್ಡ ದುಃಖ ಹೇಳ್ರಿ ಅಂದ. ಖರೇ ದುಃಖ ಒಳಗಿಂದ ಬಂದ್ರನ ಅದು ನಟನೆ ಅಂತ. ಹೇಳದಿದ್ರ ನಾಟಕದಾಗಿನ ಮಗಳ ಪಾರ್ಟು ಬ್ಯಾರೆಯವರಿಗೆ ಕೊಡ್ತೀನಿ ಅಂತ ನನಗ ಖಡಾಖಡಿ ಹೇಳಿದ.

ಹೇಳಿದೆ. ಅವ್ವಗ ಕಡೀಕ ಮರೆವು ಹತ್ತಿ ಯಾರ ಗುರ್ತೂ ಸಿಗ್ತಿದ್ದಿಲ್ಲ. ನಾ ಧಾರವಾಡಕ್ಕ ಹೋಗಿ ಆಕಿ ಹಾಸಿಗಿ ಹತ್ರ ಕೂತಾಗ, ಸೆರಗು ಸರಿ ಮಾಡಿಕೊಂಡು, "ಯಾರ ಪೈಕಿರೀ ನೀವು? ಚಹಾ ಕುಡದು ಹೋಗ್ರಿ" ಅಂದ್ಲು. ಹಡದ ಮಗಳಿಗೆ ಬೀಗರ ಕಡೆಯವರಿಗೆ ಅಂದಂಗ ಅಂದ್ಲು. ಆಮ್ಯಾಲ ಸಾಯೋತನಕಾ ಆಕಿ ನನ್ನ ಕೂಡ ಮಾತಾಡಲೇ ಇಲ್ಲ. ಇದನ್ನ ನಾ ನನ್ನ ಗಂಡಗೂ ಹೇಳಿದ್ದಿಲ್ಲ.

ಮುಂದಿನ ವಾರ ಆ ಮಾತು ನಾಟಕದಾಗ ಇತ್ತು! ತಾಯಿ ಪಾರ್ಟು ಮಾಡಾಕಿ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಡತಿ ಅಂಗಡಿಯವರ ಸೊಸಿ. ಪಾಪ, ಒಳ್ಳೇಕಿ, ದನಿ ಮಾತ್ರ ಗಡಸು. ನನಗ ಒಂದು ಮಾತೂ ತಿಳಿಸದೇ ನಿರ್ದೇಶಕ ಆಕೀ ಬಾಯಿಂದ ಅದನ್ನ ಅನಸಿದ. ನಾ ನಿಂತಲ್ಲೇ ಕುಸದು ಅತ್ತೆ. ಆ ಮಾನಗೇಡಿ ಚಪ್ಪಾಳಿ ಹೊಡದ.

ಬದಿಗೆ ಕರದು, ಅದೊಂದು ಮಾತು ತಗದ್ಬಿಡ್ರಿ ಅಂತ ಕೇಳಿದೆ. ಬೇಡಿಕೊಂಡೆ ಅನ್ನರಿ ಬೇಕಾರ.

"ಅದು ಈಗ ನಿಮ್ದಲ್ಲ ಮೇಡಂ, ನಾಟಕದ್ದು," ಅಂದ.

ಒಪ್ಪಿಕೊಂಡ ಪಾರ್ಟು ನಡಕ ಬಿಡಬಾರದು ಅಂತ ಚಿಗವ್ವ ಕಲಿಸಿದ್ದಕ್ಕ ಉಳದೆ. ಆವತ್ತಿಂದ ದಿನಾ ಸಂಜೀಕ ಅದೇ ಮಾತು. ಈ ಕಡೆ ಹೊಳ್ಳಿ ಅನ್ನಿ, ಸ್ವಲ್ಪ ತಡದು ಅನ್ನಿ, ಇನ್ನೊಂದ್ಸಲ, ಮತ್ತೊಂದ್ಸಲ. ಸಾಲಿ ಕಾವಲುಗಾರ ಕೀಲಿ ಹಿಡಕೊಂಡು ಬಾಗಲದಾಗ ನಿಂತು "ಝಾಲ ಕಾ?", ಮುಗೀತೇನು ಅಂತ ಮರಾಠಿಯೊಳಗ ಕೇಳೋತನಕಾ ನಡೀತಿತ್ತು. ಬರಬರತ ಆ ಮಾತು ಕೇಳಿದ್ರ ನನಗ ಏನೂ ಅನಸದಂಗ ಆತು. ನೀವು ಫೀಲೇ ಮಾಡ್ತಿಲ್ಲ ಅಂತ ಎಲ್ಲಾರ ಮುಂದ ಬೈದ.

ಪ್ರಯೋಗದ ದಿನಾನೂ ಹಂಗ ಆತು. ಆಕಿ ಆ ಮಾತು ಅಂದ್ಲು, ನನ್ನೊಳಗ ಏನೂ ಏಳಲಿಲ್ಲ. ಜನರಿಗೆ ಬೆನ್ನು ಕೊಟ್ಟೆ. ಉಸಿರು ಹಿಡದೆ, ಹೆಗಲು ಬಿಟ್ಟೆ, ದನಿ ಕಡೀಕ ತಂದೆ. ಹಾಲ್ ತುಂಬ ಜನ ಮೂಗು ಒರಿಸಿಕೊಳ್ಳೋದು ನನಗ ಚಂದಂಗ ಕೇಳಸ್ತಿತ್ತು.

ಪರದೆ ಬಿದ್ದಕೂಡಲೇ ನಿರ್ದೇಶಕ ಓಡಿ ಬಂದು ನನ್ನ ಕೈ ಹಿಡಕೊಂಡ. ಅವನ ಕಣ್ಣೂ ಒದ್ದಿ ಆಗಿದ್ವು.

"ನೋಡಿದ್ರಾ ಮೇಡಂ, ನಿಮ್ಮೊಳಗೆ ಅಮ್ಮ ಬಂದ್ರು ಅಲ್ವಾ?"

"ಬರಲಿಲ್ಲ," ಅಂದೆ. "ಅದು ನೀವು ಸುಳ್ಳು ಅಂದ ಅಳು."

ನಾ ಚ್ಯಾಷ್ಟಿ ಮಾಡ್ಲಿಕತ್ತೀನಿ ಅಂದುಕೊಂಡು ನಕ್ಕ. ಕೈ ಬಿಡಿಸಿಕೊಂಡು ಬಣ್ಣ ತೊಳಕೊಳ್ಳಾಕ ಹೋದೆ. ಆ ಮ್ಯಾಲೆ ಅವನ ಫೋನ್ ಎತ್ತಿಲ್ಲ.

ಮೊನ್ನೆ ಅವ್ವನ ತಿಥಿ. ಫೋಟೋಕ್ಕ ಎಡಿ ಹಿಡದು, ಬಾಜೂಕ ಒಂದು ಕಪ್ ಚಹಾ ಇಟ್ಟು, ಕಣ್ಣು ಮುಚ್ಚಿ ಕೂತೆ. ಅವ್ವ ಬಂದ್ಲು. ಅದೇ ಹಾಸಿಗಿ, ಅದೇ ಸೆರಗು ಸರಿ ಮಾಡಿಕೊಂಡ್ಲು. ಬಾಯಿ ತಗದು ಯಾರ ಪೈಕಿರೀ ಅಂದ್ಲು. ದನಿ ಮಾತ್ರ ಉಳ್ಳಾಗಡ್ಡಿ ಅಂಗಡಿ ಸೊಸೀದು. ಎಷ್ಟು ಸಲ ನೆನಸಿದ್ರೂ ಆಕೀದೇ ಬರ್ತದ.