ಸಪ್ಪಳವಿಲ್ಲದ ಕೋಣೆ

ನಾನು ಬಾಡಿಗೆಗಿದ್ದ ಮನೆಯೊಡತಿಯ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೂ, ಯಾರೊಂದಿಗೋ ಮಾತಾಡುತ್ತಿದ್ದರೂ ಪಾದ ನೆಲವನ್ನು ಮೆಲ್ಲಗೆ ಒತ್ತಿ ಬಿಡುತ್ತಿತ್ತು, ಕೆಳಗೆ ಹೊಲಿಗೆ ಯಂತ್ರದ ಪೆಡಲ್ ಇದ್ದಂತೆ. ಯಂತ್ರ ಹಸಿರು ಬಣ್ಣದ್ದೆಂದು ನೆನಪು. ಅಥವಾ ಹಸಿರು ಅದರ ಮೇಲೆ ಹೊದಿಸಿದ ಬಟ್ಟೆಯದ್ದು. ಮುಚ್ಚಿಟ್ಟದ್ದನ್ನೇ ನಾನು ಹೆಚ್ಚು ನೋಡಿದ್ದು. ಅದಕ್ಕೆ ಕಾರಣವೂ ನಾನೇ.

ಪುಣೆಯ ಕಂಪನಿಯ ಕೆಲಸವನ್ನು ಎಲ್ಲಿಂದಾದರೂ ಮಾಡಬಹುದೆಂದಾಗ, ಅಲ್ಲಿಯ ಬಾಡಿಗೆ ತಾಳದೆ ಗಡಿಯಂಚಿನ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕೋಣೆ ಹುಡುಕಿದೆ. ವಳಸಂಗದಲ್ಲಿ ಕೋಣೆ ಸಿಕ್ಕಿತು, ರೇಂಜ್ ಸಿಗಲಿಲ್ಲ. ಸಂಖದಲ್ಲಿ ಈ ವಿಧವೆಯ ಮನೆಯ ಮೆಟ್ಟಿಲು ಹತ್ತುತ್ತ ಫೋನ್ ಎತ್ತಿ ಹಿಡಿದೆ. ಮೇಲಿನ ಕೋಣೆಯಲ್ಲಿ ರೇಂಜ್ ತುಂಬಿ ಬಂತು. ಬೆಳಕಿಗೆಂದು ಅವರು ಅಲ್ಲೇ ಹೊಲಿಯುತ್ತಿದ್ದರು. ನನಗಾಗಿ ಯಂತ್ರವನ್ನು ಕೆಳಗಿನ ಮಬ್ಬು ಪಡಸಾಲೆಗೆ ಇಳಿಸಿದರು. ಊರವರಂತೆ ನಾನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೆ.

ಮೊದಲ ದಿನವೇ ಹೇಳಿದ್ದೆ: "ಖಾಲಾ, ನಾ ಮೀಟಿಂಗ್‌ನ್ಯಾಗ ಇದ್ದಾಗ ಸಪ್ಪಳ ಬ್ಯಾಡ." ಹೇಳಿ ಮರೆತೆ. ಎಂಥ ಶಾಂತ ಜಾಗ, ಎಷ್ಟು ಅಗ್ಗ ಎಂದು ಪುಣೆಯ ಗೆಳೆಯರಿಗೆ ಬರೆದೆ.

ಮೂರನೆಯ ತಿಂಗಳೋ ನಾಲ್ಕನೆಯದೋ, ಒಂದು ಮಧ್ಯಾಹ್ನ ಮೀಟಿಂಗ್ ನಡೆದಿತ್ತು. ನನ್ನ ಮೈಕ್ ಎಂದಿನಂತೆ ಬಂದ್. ನಾನು ಮಾತಾಡಬೇಕಾದದ್ದು ವಾರಕ್ಕೊಮ್ಮೆ, ಎರಡು ನಿಮಿಷ. ಉಳಿದದ್ದೆಲ್ಲ ಬರೀ ಕೇಳುವುದು. ಕೆಳಗೆ ಗಿರಾಕಿಯೊಬ್ಬಳ ದನಿ ಏರಿತು:

"ನಾಡದು ಲಗ್ನ ಐತಿ, ನನ್ನ ಜಂಪರ್ ಎಲ್ಲೈತಿ? ರಮಜಾನ್ ಮುಗದು ಎಷ್ಟ ದಿನ ಆತು, ನಿನ್ನ ಮಷಿನ್ ಇನ್ನೂ ರೋಜಾ ಹಿಡದೈತೇನ ಖಾಲಾ?"

"ಹಳೂ ಮಾತಾಡವಾ. ಮ್ಯಾಲ ತಮ್ಮಂದು ಇಂಟರ್ವ್ಯೂ ನಡದೈತಿ."

"ನಿನ್ನೀನೂ ಅದನ್ನ ಅಂದಿ!"

"ದಿನಾ ಇರ್ತೈತಿ. ಅಂಥಾ ನೌಕರಿ ಅದು. ನನ್ನ ಸಪ್ಪಳ ಕೇಳಿ ಅವರು ಇವನ್ನ ತಗದ ಹಾಕಿದ್ರ?"

ಗಿರಾಕಿ ಹೊಲಿಯದ ರವಿಕೆ ಬಟ್ಟೆಯನ್ನು ಕಸಿದುಕೊಂಡು ಹೋದಳು. ಅವಳಿಗಿಂತ ಮುಂಚೆ ಹಾಗೆ ಎಷ್ಟು ಜನ ಹೋಗಿದ್ದರೋ.

ನಾನು ಇಳಿದು ಹೋಗಿ, ಇದು ಇಂಟರ್ವ್ಯೂ ಅಲ್ಲ, ಬರೀ ಮೀಟಿಂಗ್ ಎಂದು ಎಲ್ಲ ಬಿಡಿಸಿ ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ಹೇಳಿರಲಿಲ್ಲ. ಮೆಟ್ಟಿಲ ತನಕ ಹೋಗಿದ್ದೆ, ಅಷ್ಟೇ. ಖಾಲಾ ಮುಚ್ಚಿದ ಯಂತ್ರದ ಮುಂದೆ ಕೂತಿದ್ದರು. ಪೆಡಲಿಗೆ ತಾಗದಂತೆ, ನೆಲದ ಮೇಲೆ ಕಾಲು ಆಡುತ್ತಿತ್ತು. ಮೈಕ್ ಬಂದ್ ಇರುತ್ತದೆ ಎಂದಿದ್ದರೆ ಸಾಕಿತ್ತು, ಯಂತ್ರ ದಿನವಿಡೀ ಓಡುತ್ತಿತ್ತು. ಆದರೆ ಆ ಮೌನ ನನಗೆ ರೂಢಿಯಾಗಿತ್ತು. ತಿರುಗಿ ಮೇಲೆ ಹೋದೆ.

ಕಂಪನಿ ನನ್ನನ್ನು ಕಾಯಂ ಮಾಡಿದ ಮೇಲೆ ವಿಜಯಪುರದಲ್ಲಿ ದೊಡ್ಡ ಮನೆ ಹಿಡಿದೆ. ಹೊರಡುವಾಗ ಖಾಲಾ ಕೇಳಿದರು: "ಪಾಸಾದಿ ಹೌದಿಲ್ಲೋ ತಮ್ಮಾ?"

"ಹೂಂ" ಎಂದೆ.

"ನನ್ನ ಸಪ್ಪಳ ಒಮ್ಮೀನೂ ಕೇಳಿಸಲಿಲ್ಲಲ್ಲ?"

"ಇಲ್ಲ."

ಅವರ ಮುಖ ಅರಳಿತು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಮೀಟಿಂಗ್‌ನಲ್ಲಿದ್ದೆ. ನಾನು ಕೋಣೆ ಬಿಟ್ಟ ಮೇಲೆ ಯಂತ್ರ ಮತ್ತೆ ಮೇಲಿನ ಬೆಳಕಿಗೆ ಏರಿತ್ತೋ ಇಲ್ಲವೋ, ಗೊತ್ತಿಲ್ಲ. ಏರಿತ್ತೆಂದು ಬರೆದರೆ ಅದು ನನ್ನ ಅನುಕೂಲಕ್ಕೆ. ಸುದ್ದಿ ಬಂದ ಆ ಹೊತ್ತೂ ನನ್ನ ಮೈಕ್ ಬಂದ್ ಇತ್ತು. ಆದರೂ ನಾನು ಸಪ್ಪಳ ಮಾಡಲಿಲ್ಲ.