ಪದ ನೆಲಕ್ಕೆ ಬೀಳದ ಹಾಗೆ

ನುಂಗುವಾಗ ಅವರ ಕತ್ತಿನಲ್ಲಿ ಒಂದು ನಿಂಬೆಹಣ್ಣು ಏರಿ ಇಳಿಯುತ್ತಿತ್ತು. ಕಾಫಿ ಕುಡಿಯುವಾಗ, ಮಾತಿನ ಮಧ್ಯೆ ಉಗುಳು ನುಂಗುವಾಗ, ಹಾಡುವಾಗ. ಸೆರಗನ್ನು ಕತ್ತಿನ ಸುತ್ತ ಎಳೆದು ಅದನ್ನು ಮರೆಮಾಡಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಸೆರಗು ಜಾರಿ ಮತ್ತೆ ಕಾಣಿಸುತ್ತಿತ್ತು. ಪಾಂಡವಪುರದ ಹೈಸ್ಕೂಲಿನಲ್ಲಿ ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಮಿಸ್ ಅವರು. ಉಳಿದ ಹುಡುಗಿಯರು ಲೆಕ್ಕಕ್ಕೆ ಹೆದರುತ್ತಿದ್ದರು. ನಾನು ಆ ಗಡ್ಡೆಗೆ ಹೆದರುತ್ತಿದ್ದೆ.

ನಾನು ಹೆದರದೆ ಇದ್ದ ಹೊತ್ತೇ ಕಡಿಮೆ. ನಾಲೆಯ ಏರಿಯ ಮೇಲೆ ಬಸ್ಸು ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸಕ್ಕರೆ ಕಾರ್ಖಾನೆಯ ಸೈರನ್ನು ಕೂಗಿದರೆ ಬೆಚ್ಚುತ್ತಿದ್ದೆ. ತರಗತಿಯಲ್ಲಿ ಹೆಸರು ಕರೆದರೆ ಉತ್ತರ ಗೊತ್ತಿದ್ದರೂ ಹೊರಗೆ ಬರುತ್ತಿರಲಿಲ್ಲ. ಅಪ್ಪನಿಗೆ ವರ್ಗವಾಗಿ ನಾವು ಆ ಊರಿಗೆ ಹೊಸದಾಗಿ ಬಂದಿದ್ದೆವು. ಮಿಸ್ ಮನೆಯ ಹಿತ್ತಿಲು ನಮ್ಮ ಹಿತ್ತಿಲಿಗೆ ಅಂಟಿಕೊಂಡಿತ್ತು. ಸಂಜೆ ಪಾಠಕ್ಕೆಂದು ಅಮ್ಮ ನನ್ನನ್ನು ಅಲ್ಲಿಗೆ ಕಳಿಸತೊಡಗಿದಳು.

ಊರಿನವರು ಅವರನ್ನು ಆಫ್ರಿಕಾ ಮಿಸ್ಸು ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಜಾಂಬಿಯಾದಲ್ಲಿ ಮೇಷ್ಟರಾಗಿದ್ದವರು. ಗಂಡ ಅಲ್ಲಿಯೇ ಜ್ವರ ಬಂದು ತೀರಿಕೊಂಡರು. ಮಿಸ್ ಒಂದು ರೆಕಾರ್ಡ್ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಹೊತ್ತು ವಾಪಸು ಬಂದು, ಅತ್ತೆಯನ್ನು ಶೀಳನೆರೆಯಿಂದ ಕರೆಸಿಕೊಂಡು ಸಂಸಾರ ಹೂಡಿದ್ದರು. ನನಗೆ ಆ ಅತ್ತೆ ಅಜ್ಜಿ.

ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿದ್ದ ರೆಕಾರ್ಡು ಅಮೆರಿಕದ ಐವರು ಕಪ್ಪು ಗಾಯಕರದ್ದು. ಹೊದಿಕೆಯ ಮೇಲೆ ಐವರೂ ಒಂದೇ ಬಣ್ಣದ ಕೋಟು ತೊಟ್ಟು, ಒಂದೇ ಓರೆಯಲ್ಲಿ ಬಲಗೈ ಚಾಚಿ ನಿಂತಿದ್ದರು. ಅಜ್ಜಿ ಆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಐದು ಜನಾನೂ ಒಂದೇ ತಾನಲ್ಲಿ ಬಟ್ಟೆ ಒಲ್ಸವ್ರೆ ಕಣವ್ವ. ಸ್ಯಾನೆ ಉಷಾರು ಜನ, ಬಟ್ಟೆ ಉಳೀತದೆ," ಎನ್ನುತ್ತಿದ್ದರು.

ಪಾಠ ಮುಗಿದ ಮೇಲೆ ಮಿಸ್ ಅದನ್ನು ಹಾಕುತ್ತಿದ್ದರು. ಮೊದಮೊದಲು ನನಗೆ ಅದು ಬರೀ ಗದ್ದಲ. "ಎಲ್ಲರನ್ನೂ ಒಟ್ಟಿಗೆ ಕೇಳಕ್ಕೆ ಹೋಗ್ಬೇಡ. ಒಬ್ಬನ್ನ ಹಿಡ್ಕೊ, ಹಾಡು ಮುಗಿಯೋವರೆಗೂ ಅವನ ಜೊತೇಲೆ ನಡಿ," ಎಂದರು. ಹಾಗೆ ಒಬ್ಬೊಬ್ಬರಾಗಿ ಪರಿಚಯವಾದರು. ಮುಂದೆ ನಿಂತು ಹಾಡುವವನ ಗಂಟಲಲ್ಲಿ ಮರಳು ಇತ್ತು. ಬಾಗಿಲು ಹಾಕಿಕೊಂಡು ಹೋದವಳನ್ನು ಆಚೆಯಿಂದ ಬೇಡಿಕೊಳ್ಳುವ ಹಾಗೆ ಹಾಡುತ್ತಿದ್ದ. ಇನ್ನೊಬ್ಬನದು ಹೆಂಗಸಿನಷ್ಟು ಎತ್ತರದ, ನೂಲಿನಷ್ಟು ತೆಳುವಾದ ದನಿ. ನಡುವಿನ ಇಬ್ಬರು ಒಂದೇ ಉಸಿರಿನವರು. ಅಜ್ಜಿ ಅವರನ್ನು ಜೋಡೆತ್ತು ಅನ್ನುತ್ತಿದ್ದರು. ಐದನೆಯವನು ಎಲ್ಲರಿಗಿಂತ ಕೆಳಗೆ. ಅವನ ದನಿ ಕಿವಿಗಿಂತ ಮೊದಲು ಕಾಲಡಿಯ ಗಾರೆನೆಲಕ್ಕೆ ಬರುತ್ತಿತ್ತು. ಅಜ್ಜಿ ಅವನಿಗೆ ಗುಡಾಣ ಎಂದು ಹೆಸರಿಟ್ಟಿದ್ದರು. ರಾಗಿ ತುಂಬುವ ದೊಡ್ಡ ಮಣ್ಣಿನ ಮಡಕೆಯೊಳಗೆ ತಲೆ ಇಟ್ಟು ಕೂಗಿದರೆ ಬರುವ ದನಿ ಅದು.

"ಮುಂದಿನವನು ಅಷ್ಟು ಧೈರ್ಯವಾಗಿ ಅಳ್ತಾನಲ್ಲ, ಯಾಕೆ ಗೊತ್ತಾ?" ಮಿಸ್ ಒಮ್ಮೆ ಕೇಳಿದರು. "ಕೆಳಗೊಬ್ಬ ಅಲುಗಾಡದೆ ನಿಂತಿದಾನೆ ಅಂತ ಅವನಿಗೆ ಗೊತ್ತು."

ಅಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೂ ಆ ಐವರು ಅವರಿಗೆ ಅಪರಿಚಿತರಾಗಿರಲಿಲ್ಲ. ಅವರು ಶೀಳನೆರೆ ಕಡೆ ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದವರು. ಹೆಂಗಸರು ಎರಡು ಗುಂಪಾಗಿ ಕೂತು, ಒಂದು ಗುಂಪು ಸಾಲು ಮುಗಿಸುವ ಮೊದಲೇ ಇನ್ನೊಂದು ಅದನ್ನು ಎತ್ತಿಕೊಳ್ಳಬೇಕು. ನಡುವೆ ಮೌನ ಬಂದರೆ ಪದ ನೆಲಕ್ಕೆ ಬಿದ್ದಂತೆ. ಬಿದ್ದ ಪದ ಮನೆಗೆ ಒಳ್ಳೆಯದಲ್ಲ ಎಂದು ಅಜ್ಜಿ ನಂಬಿದ್ದರು. "ಇವ್ರೂ ನಮ್ಮಂಗೇ ಎತ್ಕೊಂಡು ಎತ್ಕೊಂಡು ಏಳ್ತಾವ್ರೆ ನೋಡು," ಎಂದು ತಲೆದೂಗುತ್ತಿದ್ದರು.

ಆ ವರ್ಷಗಳಲ್ಲಿ ದೀಪ ಹಚ್ಚುವ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಮೊದಲ ಸಲ ಹಾಡಿನ ಮಧ್ಯೆ ಹೋದದ್ದು ಚೆನ್ನಾಗಿ ನೆನಪಿದೆ. ರೆಕಾರ್ಡು ನಿಧಾನವಾಯಿತು. ಬೇಡಿಕೊಳ್ಳುತ್ತಿದ್ದವನ ದನಿ ಬಾವಿಗೆ ಇಳಿಯುತ್ತಿರುವವನ ದನಿಯಂತೆ ದಪ್ಪವಾಗಿ, ಮನುಷ್ಯನದಲ್ಲದ ಒಂದು ನರಳಾಟವಾಗಿ ನಿಂತಿತು. ಕತ್ತಲೆಯಲ್ಲಿ ನಾನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡೆ. ಅದಕ್ಕಿಂತ ಹೆದರಿಸಿದ್ದು ಅಜ್ಜಿಯ ಕೂಗು.

"ಎತ್ಕೊಳ್ರೇ! ಪದ ಬೀಳ್ತದೆ, ಎತ್ಕೊಳ್ರೇ!"

ಮಿಸ್ ತಕ್ಷಣ ಎತ್ತಿಕೊಂಡರು. ರೆಕಾರ್ಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ. ಅಜ್ಜಿ ಮಾತಿಲ್ಲದೆ, ಬರೀ ರಾಗವಾಗಿ, ಆ ನೂಲಿನ ದನಿಯನ್ನು ಹಿಡಿದರು. ಸೊಸೆ ಅತ್ತೆ ಇಬ್ಬರೂ ಕತ್ತಲೆಯಲ್ಲಿ ಆ ಹಾಡನ್ನು ದಡ ಮುಟ್ಟಿಸಿದರು. ಆಮೇಲೆ ಮಿಸ್ ಬೆಂಕಿಪೊಟ್ಟಣ ತಡಕುತ್ತಾ, "ಕೆಳಗಿನವನಿಲ್ಲದೆ ಹಾಡು ಓಲಾಡ್ತಾ ಇತ್ತು. ನಾಳೆಯಿಂದ ನೀನೇ ಅವನು," ಎಂದರು.

"ನಂಗೆ ಆ ಹಾಡಿನ ಮಾತು ಬರಲ್ಲ ಮಿಸ್."

"ಅವನಿಗೂ ಮಾತಿಲ್ಲ. ಡೂಂ ಡೂಂ ಅಷ್ಟೆ."

"ಈ ಕಡ್ಡಿ ಗಾತ್ರದ ಕೂಸು ಗುಡಾಣ ಆದೀತಾ?" ಅಜ್ಜಿ ನಕ್ಕರು.

ನನ್ನ ದನಿ ಅಷ್ಟು ಕೆಳಗೆ ಹೋಗುತ್ತಿರಲಿಲ್ಲ. "ಹೋದಷ್ಟು ಹೋಗು. ಅಲ್ಲೇ ಅಲುಗಾಡದೆ ನಿಲ್ಲು," ಎನ್ನುತ್ತಿದ್ದರು ಮಿಸ್. ಅದು ಅವರ ಗಂಡ ಹಾಡುತ್ತಿದ್ದ ಭಾಗವೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ರೆಕಾರ್ಡನ್ನು ಕ್ಯಾಸೆಟ್ಟಿಗೆ ಇಳಿಸಿದರೆ ಟೇಪ್ ರೆಕಾರ್ಡರಿಗೆ ಶೆಲ್ ಹಾಕಿ ಕರೆಂಟಿಲ್ಲದೆಯೂ ಕೇಳಬಹುದಲ್ಲ ಎಂದು ಅಪ್ಪ ಹೇಳಿಕಳಿಸಿದಾಗ ಮಿಸ್, "ಆ ಡಬ್ಬೀಲಿ ಗುಡಾಣ ಕೇಳ್ಸಲ್ಲ," ಎಂದು ತಳ್ಳಿಹಾಕಿದರು.

ಅಜ್ಜಿ ಯಾಕೆ ಹಾಗೆ ಕೂಗುತ್ತಾರೆ ಎಂಬುದನ್ನು ಅವರೇ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಹೇಳಿದರು. ಮಗನ ಮದುವೆಯ ದಿಬ್ಬಣ ಶೀಳನೆರೆಯಿಂದ ಅರಕೆರೆಗೆ ಹೊರಡಬೇಕಿತ್ತು. ಅಜ್ಜಿಯೇ ಮುಂದಾಗಿ ಸೋಬಾನೆ ಹೇಳುತ್ತಿದ್ದರು. ಬಸ್ಸಿನ ಡ್ರೈವರಿಗೆ ಅದೇ ದಿನ ನಾಗಮಂಗಲದ ಇನ್ನೊಂದು ದಿಬ್ಬಣವನ್ನೂ ಮುಟ್ಟಿಸುವ ಅವಸರ. ಬಿಡದೆ ಹಾರನ್ನು ಹೊಡೆದ. ಸೀಟು ಹಿಡಿಯಲು ಹೆಂಗಸರೆಲ್ಲ ಎದ್ದರು. ಅಜ್ಜಿಯೂ ಎದ್ದರು.

"ಅರ್ಧಕ್ಕೇ ಬುಟ್ಟು ಓಡ್ದೆ ಕಣ್ ಮಗ. ನನ್ ಮಗನ ಪದ, ನಾನೇ ಬೀಳ್ಸುದೆ. ಅಷ್ಟು ದೂರ ಓಗಿ ಸತ್ತ."

ಮಾರನೆಯ ದಿನ ಮಿಸ್ ಒಬ್ಬರೇ ಇದ್ದಾಗ ಅದು ನಿಜವೇ ಎಂದು ಕೇಳಿದೆ. ಅವರು ಸೀಮೆಸುಣ್ಣದ ಬೆರಳುಗಳನ್ನು ಒರೆಸಿಕೊಂಡರು. "ಅವರು ಹೋಗಿದ್ದು ಜ್ವರಕ್ಕೆ ಕಣಮ್ಮ. ಆಸ್ಪತ್ರೆ ದೂರ ಇತ್ತು. ಅತ್ತೆಮ್ಮಂಗೆ ಎಷ್ಟೋ ಸಲ ಹೇಳಕ್ಕೆ ಹೋದೆ, ಕಿವಿ ಮುಚ್ಕೊಂಡ್ರು. ಹಾಡು ಮುಗಿಸೋದು ಅದಕ್ಕಿಂತ ಸುಲಭ."

ನಾನು ಪಿಯುಸಿಗೆ ಬರುವಷ್ಟರಲ್ಲಿ ನಿಂಬೆಹಣ್ಣು ದಪ್ಪವಾಗಿತ್ತು. ಮಿಸ್ ದನಿ ಒಡೆಯಿತು. ತರಗತಿಯಲ್ಲಿ ಮಾತು ನಿಲ್ಲಿಸಿ ಗೋಡೆ ಹಿಡಿದು ಉಸಿರೆಳೆದುಕೊಳ್ಳುತ್ತಿದ್ದರು. ಆಪರೇಷನ್ನು ಆಗಲೇಬೇಕು, ಆದರೆ ದನಿ ಉಳಿಯುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಜೀವದ ಬಗ್ಗೆಯೂ ಹಾಗೇ ಎಂಬುದನ್ನು ಡಾಕ್ಟರು ಬಾಯಿಬಿಟ್ಟು ಹೇಳದಿದ್ದರೂ ಎರಡೂ ಮನೆಯವರು ಅರ್ಥ ಮಾಡಿಕೊಂಡಿದ್ದೆವು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ನಾನು ಹೋದಾಗ ಮಿಸ್ ಹೊದಿಕೆಯಿಂದ ರೆಕಾರ್ಡನ್ನು ತೆಗೆಯುತ್ತಿದ್ದರು.

"ಬೇಡ ಮಿಸ್. ಕರೆಂಟು ಹೋಗೋ ಹೊತ್ತು."

"ಇವತ್ತು ಕೇಳ್ದೆ ಇನ್ಯಾವತ್ತು ಕೇಳ್ಲಿ?" ಎಂದು ರೆಕಾರ್ಡಿನ ಮೇಲೆ ಮುಳ್ಳು ಇಟ್ಟರು.

ಅಜ್ಜಿ ಗೋಡೆಗೊರಗಿ ಕೂತಿದ್ದರು. ನಾನು ಹಾಡು ಕೇಳುತ್ತಿರಲಿಲ್ಲ, ಬಲ್ಬನ್ನೇ ನೋಡುತ್ತಿದ್ದೆ. ಮೂಲೆಯ ಚಿಮಣಿ ದೀಪವನ್ನು ಮೊದಲೇ ಹಚ್ಚಿಟ್ಟಿದ್ದೆ. ಮುಂದಿನವನು ಬೇಡಿಕೊಳ್ಳಲು ಶುರುಮಾಡಿದ್ದಷ್ಟೇ, ಬಲ್ಬು ಆರಿತು. ಅವನು ಬಾವಿಗೆ ಇಳಿಯತೊಡಗಿದ. ಮಿಸ್ ಬಾಯಿ ತೆರೆದರು. ಬಂದದ್ದು ಬರೀ ಗಾಳಿ. ಅಜ್ಜಿ ಎರಡು ಕೈಯನ್ನೂ ಎತ್ತಿದರು. ರಾಗ ಹೊರಡಲಿಲ್ಲ. "ಎತ್ಕೊಳ್ರೇ..." ಎಂದು ಉಸುರಿದರು. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ನಾನು ಎತ್ತಿಕೊಂಡೆ. ನನಗೆ ಗೊತ್ತಿದ್ದದ್ದು ತಳದ ದನಿಯೊಂದೇ. ಮೇಲೆ ಹಾಡೇ ಇಲ್ಲದೆ ಬರೀ ಡೂಂ ಡೂಂ. ಎರಡು ಸಾಲು ಕಳೆಯುವಷ್ಟರಲ್ಲಿ ಹಾಡು ಎಲ್ಲಿಗೆ ಬಂದಿದೆ ಎಂಬುದೇ ತಪ್ಪಿತು. ಎಲ್ಲಿ ಇಳಿಯಬೇಕು, ಎಲ್ಲಿ ಕಾಯಬೇಕು, ಯಾವಾಗ ಮುಗಿಸಬೇಕು, ಒಂದೂ ತಿಳಿಯದು. ಮಿಸ್ ಅವರ ಗಂಡನನ್ನು ಕೊಂದದ್ದು ಜ್ವರವೆಂದು ನನಗೆ ಗೊತ್ತಿತ್ತು, ನಾನು ವಿಜ್ಞಾನ ಓದುವವಳು. ಆದರೂ ಆ ಕ್ಷಣ, ನಾನು ನಿಲ್ಲಿಸಿದರೆ ಇವರು ವಾಪಸು ಬರುವುದಿಲ್ಲ ಎಂದು ಪೂರ್ತಿ ನಂಬಿದ್ದೆ.

ಆಗ ಅವರ ಕತ್ತು ಕಾಣಿಸಿತು. ಸೆರಗು ಜಾರಿತ್ತು. ಚಿಮಣಿಯ ಬೆಳಕಿನಲ್ಲಿ ಆ ಗಡ್ಡೆ ಏರಿತು, ನಿಂತಿತು, ಇಳಿಯಿತು. ದನಿಯಿಲ್ಲದೆಯೇ ಅವರು ಮುಂದಿನವನನ್ನು ಹಾಡುತ್ತಿದ್ದರು. ಸಾಲು ಮೇಲಕ್ಕೆ ಹೋದರೆ ಅದು ಏರುತ್ತಿತ್ತು, ಸಾಲು ಮುಗಿದರೆ ಇಳಿಯುತ್ತಿತ್ತು. ಅಷ್ಟು ವರ್ಷ ನೋಡಲು ಅಂಜಿದ್ದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ, ಅದು ಹೋದಲ್ಲಿ ಹೋಗಿ, ಅದು ನಿಂತಲ್ಲಿ ನಿಂತೆ. ಕೊನೆಗೆ ಅದು ಇಳಿದು ಮತ್ತೆ ಏಳಲಿಲ್ಲ. ನಾನೂ ನಿಲ್ಲಿಸಿದೆ.

"ಆಯ್ತಾ?" ಅಜ್ಜಿ ಕೇಳಿದರು.

ಮಿಸ್ ಆಯಿತೆಂದು ತಲೆಯಾಡಿಸಿದರು.

ನಾಗಮಂಗಲದ ಆಚೆಯ ದೊಡ್ಡ ಆಸ್ಪತ್ರೆಯಿಂದ ಅವರು ಕತ್ತಿಗೆ ಬಿಳಿಯ ಪಟ್ಟಿ ಸುತ್ತಿಕೊಂಡು ವಾಪಸು ಬಂದರು. ದನಿ ಹೋಗಿತ್ತು, ಪಿಸುಮಾತು ಉಳಿದಿತ್ತು. ಆ ಪಿಸುಮಾತಿನಲ್ಲೇ ಲೆಕ್ಕ ಹೇಳಿಕೊಟ್ಟರು. ಅದನ್ನು ಕೇಳಿಸಿಕೊಳ್ಳಲು ಇಡೀ ತರಗತಿ ಉಸಿರು ಹಿಡಿದು ಕೂರುತ್ತಿತ್ತಂತೆ. ನಾನು ಎಂ.ಎಸ್ಸಿ.ಗೆ ಮೈಸೂರಿಗೆ ಹೊರಟಾಗ, "ಅಲ್ಲಿ ಯಾರಾದ್ರೂ ಹೆಸರು ಕರೆದರೆ ಗುಡಾಣದಿಂದ ಉತ್ತರ ಕೊಡು," ಎಂದು ಕಿವಿಯ ಹತ್ತಿರ ಹೇಳಿದರು. ಮೊದಲ ಸೆಮಿನಾರಿನ ದಿನ ಹಾಗೇ ಮಾಡಿದೆ. ಹೆದರಿಕೆ ಹೋಗಲಿಲ್ಲ. ಉತ್ತರ ಮಾತ್ರ ಹೊರಗೆ ಬಂತು.

ಅವರು ತೀರಿಕೊಂಡ ಸುದ್ದಿ ಹಾಸ್ಟೆಲಿಗೆ ಫೋನಿನಲ್ಲಿ ಬಂತು. ಕಾಯಿಲೆ ಮರುಕಳಿಸಿದ್ದು ನನಗೆ ಗೊತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಪಾಂಡವಪುರ ಸೇರುವವರೆಗೂ ಒಂದೇ ಯೋಚನೆ: ಕರೆಂಟು ಹೋಗಿತ್ತೇ? ಆಗ ಯಾರು ಎತ್ತಿಕೊಂಡರು?

ಎಲ್ಲ ಮುಗಿದು ಜನ ಚದುರಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಮಧ್ಯಾನ ಪದ ಆಕ್ಸುದ್ಲು. ಮುಳ್ಳು ನಾನೇ ಇಟ್ಟೆ. ಕರೆಂಟು ಓಗ್ನಿಲ್ಲ ಕಣವ್ವ. ಕೊನೆಗಂಟ ಪೂರಾ ಆಯ್ತು. ತಿರುಗಿ ನೋಡ್ತೀನಿ, ಇವ್ಳಿಲ್ಲ." ರೆಕಾರ್ಡ್ ಪ್ಲೇಯರಿನ ಕಡೆ ತಿರುಗಿದರು. "ಪದ ಪೂರಾ ಆಗಿತ್ತಲ್ಲವ್ವ. ಆದ್ರೂ ಓದ್ಲು. ಅಂಗಾರೆ ನನ್ ಮಗ... ಅವ್ನೂ ಪದ ಬಿದ್ದುದ್ಕೆ ಸಾಯ್ನಿಲ್ವಾ?"

ನಾನು ಯಾವತ್ತೂ ಅಷ್ಟು ಹೆದರಿರಲಿಲ್ಲ. ಒಂದು ತಪ್ಪು ಮಾತಿಗೆ ಅವರು ಕುಸಿಯಬಹುದಿತ್ತು. ಹೋದಷ್ಟು ಕೆಳಗಿನ ದನಿಯಲ್ಲಿ ಹೇಳಿದೆ: "ಅಲ್ಲ ಅಜ್ಜಿ. ಜ್ವರ."

"ಅವ್ಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಇಷ್ಟು ವರ್ಸ ಕತ್ಲೆಲಿ ನನ್ ಜೊತೆ ಯಾಕೆ ಎತ್ಕೊತಿದ್ಲು?"

ಅಜ್ಜಿ ಅಳಲು ಶುರುಮಾಡಿದರು. ಮೊದಲು ಸೊಸೆಯ ಹೆಸರು ಹಿಡಿದು, ಆಮೇಲೆ ಮಗನ ಹೆಸರು ಹಿಡಿದು, ಬಾಗಿಲ ಆಚೆಯವರೆಗೆ ಕೇಳುವಂತೆ, ಅಷ್ಟು ವರ್ಷ ಎಲ್ಲಿಟ್ಟಿದ್ದರೋ ಅದನ್ನೆಲ್ಲ. ಹೊರಗೆ ಕತ್ತಲಾಗುತ್ತಿತ್ತು. ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗಬಹುದಿತ್ತು. ಆದರೂ ಆ ಅಳು ಮುಗಿಯುವವರೆಗೆ, ಮಿಸ್ ಹೇಳಿಕೊಟ್ಟ ಹಾಗೆ, ಅವರ ಪಕ್ಕದಲ್ಲಿ ಅಲುಗಾಡದೆ ಕೂತಿದ್ದೆ.